ಜಗಲಿಯಿಂದ ಅಡುಗೆಮನೆಗೆ ಬಂದ ನಗು

ಮನೆಮಂದಿ, ನೆರೆಹೊರೆ, ಬಾಲ್ಯ ಇವುಗಳನ್ನು ನಗುನಗುತ್ತ ಹೇಳುವ ಗದ್ಯ ಕನ್ನಡದಲ್ಲಿ ಬೇರೂರಿದ್ದು 1930ರ ದಶಕದಲ್ಲಿ. ಎ.ಎನ್. ಮೂರ್ತಿರಾಯರು ‘ಹಗಲುಗನಸುಗಳು’ ಬರೆದು ತಮ್ಮೊಳಗಿನ ಹರಟೆಯನ್ನೇ ಪ್ರಬಂಧವಾಗಿಸಿದರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಚಿತ್ರಗಳು’ ಬರೆದು ಹೇಮಾವತಿ ದಂಡೆಯ ಜನರನ್ನು ಓದುಗರ ಜಗಲಿಗೆ ತಂದು ಕೂರಿಸಿದರು. ಗೊರೂರರ ಒಂದು ಪ್ರಬಂಧದ ಹೆಸರು ‘ನಮ್ಮ ಎಮ್ಮೆಗೆ ಮಾತು ತಿಳಿಯುವುದೆ?’. ಹಟ್ಟಿಯ ಎಮ್ಮೆಯನ್ನು ಮನೆಯವರಲ್ಲಿ ಒಬ್ಬಳೆಂದು ಎಣಿಸಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ನಗುವವರಿಗೂ ನಗೆಗೆ ಸಿಕ್ಕವರಿಗೂ ನಡುವೆ ಅಲ್ಲಿ ಅಂತರವೇ ಇಲ್ಲ. ಈ ಪ್ರಕಾರವನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಕ್ಕಿಲ್ಲ.

ವೈದ್ಯರಾಗಿದ್ದ ಎಂ. ಶಿವರಾಂ, ಅಂದರೆ ‘ರಾಶಿ’, 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಶುರುಮಾಡಿದರು. ಕಾಲು ಶತಮಾನ ನಡೆದ ಆ ಪತ್ರಿಕೆಗೆ ಕೇರಳದಿಂದ ಬಂದು ಕನ್ನಡ ಕಲಿತ ನಾ. ಕಸ್ತೂರಿ ಬರೆದರು, ಇನ್ನೂ ವಿದ್ಯಾರ್ಥಿಯಾಗಿದ್ದ ಆರ್.ಕೆ. ಲಕ್ಷ್ಮಣ್ ವ್ಯಂಗ್ಯಚಿತ್ರ ಬರೆದುಕೊಟ್ಟರು. ಆದರೆ ‘ಕೊರವಂಜಿ’ಯ ದೊಡ್ಡ ಕೊಡುಗೆ ಯಾವುದೆಂದು ಕೇಳಿದರೆ ನಾನು ಹೇಳುವ ಹೆಸರು ಟಿ. ಸುನಂದಮ್ಮ. ಅಲ್ಲಿಯವರೆಗೆ ಸಂಸಾರದ ನಗೆಯಲ್ಲಿ ಮಾತಾಡುತ್ತಿದ್ದವನು ಹೆಚ್ಚಾಗಿ ಗಂಡ. ಹೆಂಡತಿ ಮಾತಿಗೆ ವಸ್ತು. ಸುನಂದಮ್ಮ ಬರೆಯತೊಡಗಿದ ಮೇಲೆ ಒಲೆಯ ಮುಂದೆ ನಿಂತವಳೇ ಕಥೆ ಹೇಳಿದಳು. ನೆಂಟರು, ಖರ್ಚುವೆಚ್ಚ, ಗಂಡ-ಹೆಂಡಿರ ಕಿರಿಕಿರಿ ಎಲ್ಲ ಹಳೆಯವೇ, ಆದರೆ ಅಡುಗೆಮನೆಯ ಬಾಗಿಲಿಂದ ನೋಡಿದಾಗ ಪೇಚಿಗೆ ಸಿಕ್ಕುವವರು ಬೇರೆಯಾದರು. ಇಷ್ಟು ದೊಡ್ಡ ಪಲ್ಲಟಕ್ಕೆ ನಮ್ಮ ಸಾಹಿತ್ಯ ಚರಿತ್ರೆಗಳು ಕೊಡುವ ಜಾಗ ಸಾಲದು.

ಬೀಚಿಯವರದು ಇನ್ನೊಂದು ದಾರಿ. ಅವರು ಸೃಷ್ಟಿಸಿದ ಪಾತ್ರ ತಿಂಮ ಒಂದೇ ಸಾಲಿನಲ್ಲಿ ಎದುರಿನವನ ಬಾಯಿ ಮುಚ್ಚಿಸುತ್ತಾನೆ. ಆ ಚುರುಕು ಜನರ ನಾಲಿಗೆಯ ಮೇಲೆ ಇಂದಿಗೂ ಉಳಿದಿದೆ. ಆದರೂ ನನ್ನನ್ನು ಹೆಚ್ಚು ತಟ್ಟಿದ್ದು ಅವರ ಆತ್ಮಕಥೆ ‘ನನ್ನ ಭಯಾಗ್ರಫಿ’. ಬದುಕಿನ ಭಯವನ್ನು ಹೆಸರಿನಲ್ಲೇ ಹೊತ್ತ ಪುಸ್ತಕ ಅದು. ಶಾಲೆಯ ನೆನಪಿಗೆ ಎಂ.ಆರ್. ಶ್ರೀನಿವಾಸಮೂರ್ತಿಗಳ ‘ರಂಗಣ್ಣನ ಕನಸಿನ ದಿನಗಳು’ ಓದಬೇಕು. ಹಳ್ಳಿ ಶಾಲೆಗಳನ್ನು ಸುತ್ತುವ ಇನ್‌ಸ್ಪೆಕ್ಟರ್ ರಂಗಣ್ಣ ಬಡ ಮೇಷ್ಟ್ರುಗಳ ಕಷ್ಟ ಕಂಡು ಕರಗುತ್ತಾನೆ.

ಮುಂದೆ ಮಂಗಳೂರಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಭುವನೇಶ್ವರಿ ಹೆಗಡೆ ಸುನಂದಮ್ಮನವರ ದಾರಿಯನ್ನು ಅಗಲ ಮಾಡಿದರು. ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಬಂದಾಗ ಸಂಡೂರಿನ ಬಾಲ್ಯ ಬೆಂಗಳೂರಿನ ಸಾಫ್ಟ್‌ವೇರ್ ತಲೆಮಾರಿನ ಓದಾಯಿತು. ತಾಯಿಯ ಹಟ, ಮುಗ್ಧತೆ, ಹೊಸ ಕಾಲದೊಂದಿಗಿನ ಅವಳ ಗುದ್ದಾಟಗಳನ್ನು ಓದಿ ನಗುತ್ತೇವೆ. ಅವಳ ಘನತೆ ಮಾತ್ರ ಕೂದಲೆಳೆಯಷ್ಟೂ ಕುಂದುವುದಿಲ್ಲ.

ಈಗ ನಗೆಯ ದೊಡ್ಡ ಪಾಲು ಹಾಸ್ಯೋತ್ಸವಗಳ ವೇದಿಕೆಗೆ ಹೋಗಿದೆ. ಸಾವಿರಾರು ಜನ ಒಟ್ಟಿಗೆ ಕೂತು ನಗುವುದು ನನಗೂ ಸಂತೋಷವೇ. ಆದರೆ ಅಲ್ಲಿ ಹೆಸರಿಲ್ಲದ ಹೆಂಡತಿಯ ಮೇಲಿನ ಜೋಕು ಇನ್ನೂ ನಿಂತಿಲ್ಲ. ಸುನಂದಮ್ಮ ಅದಕ್ಕೆ ಎಂದೋ ಉತ್ತರ ಕೊಟ್ಟಿದ್ದರು.