ಕಮಾನು ಕಳಚಿಹೋದ ಗಾಡಿ

ದೊಡ್ಡಬಳ್ಳಾಪುರದ ಕಡೆ ಇವತ್ತು ಯಾರಾದರೂ ‘ಗಾಡಿ ತಗೊಂಡ್ವಿ’ ಅಂದರೆ ಅದು ಬೈಕೋ ಸ್ಕೂಟರೋ ಆಗಿರುತ್ತದೆ. ನಮ್ಮ ತಾತಂದಿರು ಅದೇ ಮಾತು ಆಡಿದ್ದರೆ ಅದು ಎತ್ತಿನ ಗಾಡಿ. ವಸ್ತು ಬದಲಾಯಿತು, ಹೆಸರು ಉಳಿಯಿತು. ಕಳೆದ ತಿಂಗಳು ನಮ್ಮ ಮನೆಯಲ್ಲಿ ಹಳೆಯ ಟಿವಿಎಸ್ ಕೊಟ್ಟು ಎಲೆಕ್ಟ್ರಿಕ್ ಗಾಡಿ ತರುವ ಮಾತು ಬಂತು. ಅಣ್ಣ ಕೇಳಿದ್ದು, ‘ಎಷ್ಟು ತೂಕ ಎಳೀತದೆ?’ ಅತ್ತಿಗೆ ಕೇಳಿದ್ದು, ‘ಮಗೂನ ಎಲ್ಲಿ ಕೂರಿಸೋದು?’ ಮೊದಲ ಪ್ರಶ್ನೆಗೆ ಅಂಗಡಿಯವರ ಹತ್ತಿರ ಅಂಕಿ ಸಿದ್ಧವಿತ್ತು. ಎರಡನೆಯದಕ್ಕೆ ಸಿಕ್ಕ ಉತ್ತರ, ‘ಮುಂದೆ ನಿಲ್ಲಿಸ್ಕೊಳಿ ಮೇಡಂ, ಎಲ್ಲರೂ ಹಂಗೇ ಹೋಗೋದು.’ ಈ ಎರಡು ಉತ್ತರಗಳ ನಡುವಿನ ಅಂತರಕ್ಕೂ ಒಂದು ಇತಿಹಾಸವಿದೆ.

ಹೊರೆ ಎಳೆಯುವುದನ್ನು ನೋಡಿ ಆರಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. 17ನೇ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆಂದೇ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹೆಸರಲ್ಲಿ ಬೆಣ್ಣೆ, ಅಮೃತ ಇದ್ದರೂ ಸೈನ್ಯಕ್ಕೆ ಬೇಕಾಗಿದ್ದದ್ದು ಫಿರಂಗಿ, ಸರಂಜಾಮು ಎಳೆಯುವ ಎತ್ತುಗಳು. ರೈತರ ಕೊಟ್ಟಿಗೆಗಳಲ್ಲಿದ್ದದ್ದು ಹಳ್ಳಿಕಾರ್ ಜೋಡಿ. ಅದಕ್ಕಾಗಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಬೇಕು. ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ಎಣಿಸುವುದು, ಮೈಮೇಲಿನ ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸುವುದು, ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು. ಇದೆಲ್ಲ ಗಂಡಸರ ವ್ಯವಹಾರ. ಹೆಂಗಸರ ಅಭಿಪ್ರಾಯಕ್ಕೆ ಅಲ್ಲಿ ಜಾಗವಿರಲಿಲ್ಲ.

ಆದರೆ ಅವರಿಗೆ ಗಾಡಿಯಲ್ಲಿ ಜಾಗವಿತ್ತು. ಗೊಬ್ಬರ, ರಾಗಿ ಹುಲ್ಲು ಸಾಗಿಸಿದ ಅದೇ ಗಾಡಿಯನ್ನು ಜಾತ್ರೆಗೋ ಮದುವೆಗೋ ಹೊರಡುವ ದಿನ ತೊಳೆದು, ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ, ಬಿದಿರು ಬಗ್ಗಿಸಿ ಕಮಾನು ಕಟ್ಟುತ್ತಿದ್ದರು. ಕಮಾನು ಕಟ್ಟಿದರೆ ಮನೆಮಂದಿಯ ಗಾಡಿ, ಬಿಚ್ಚಿದರೆ ಸರಕಿನ ಗಾಡಿ. ಎರಡು ಗಾಡಿ ಇಡುವ ಶಕ್ತಿ ಇಲ್ಲದ ಮನೆಗಳು ಒಂದನ್ನೇ ಎರಡು ಮಾಡಿಕೊಂಡ ಬಗೆ ಇದು. ಜನ ಕೂರುವುದಕ್ಕೆ ಬೇರೆಯದೇ ಏರ್ಪಾಡು ಬೇಕು ಎಂಬ ತಿಳಿವಳಿಕೆ ಆ ಕಮಾನಿನಲ್ಲಿತ್ತು.

ಸೈಕಲ್ಲು ಬಂದಾಗಲೂ ಅದು ಪೂರ್ತಿ ಅಳಿಯಲಿಲ್ಲ. ನೇಕಾರರು ನೂಲಿನ ಗಂಟು, ಸೀರೆಯ ಗಂಟುಗಳನ್ನು ಕ್ಯಾರಿಯರಿಗೆ ಬಿಗಿದರು. ಹಾಲಿನವರು ಕ್ಯಾನುಗಳನ್ನು ಎರಡೂ ಬದಿಗೆ ತೂಗುಬಿಟ್ಟರು. ಮಗುವಿಗೆ ಮುಂದಿನ ಬಾರಿನ ಮೇಲೆ ಒಂದು ಪುಟ್ಟ ಸೀಟು ಬಂತು. ಚಿಕ್ಕದೇ ಇರಲಿ, ಅದೂ ಒಂದು ಕಮಾನೇ.

ಮೊಪೆಡ್ಡು ಬಂದ ಮೇಲೆ ಕಥೆ ಬೇರೆ. 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ ಲೂನಾ ತಂದಿತು. 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಟಿವಿಎಸ್ 50 ಬಂತು. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಎಂದು ಅದಕ್ಕೆ ಹೆಸರು. ಗೇರಿಲ್ಲ, ಸೀಟಿಗೂ ಹ್ಯಾಂಡಲಿಗೂ ನಡುವೆ ಖಾಲಿ ಜಾಗ. ಆ ಜಾಗವೇ ಅದರ ಭಾಗ್ಯ. ಬೂಸಾ ಮೂಟೆ, ಹಿಪ್ಪುನೇರಳೆ ಸೊಪ್ಪಿನ ಹೊರೆ, ದ್ರಾಕ್ಷಿಯ ಕ್ರೇಟು ಎಲ್ಲ ಅಲ್ಲೇ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಗೂಡಿನ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡು ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಚಿಟ್ಟೆ ಹೊರಬರುವ ಮೊದಲೇ ಮಾರಾಟವಾಗಬೇಕು. ಬೆಳಗಿನ ಬಸ್ಸಿಗೆ ಕಾಯುವ ಪಾಡನ್ನು ಈ ಗಾಡಿ ತಪ್ಪಿಸಿತು. ಆದರೆ ಮೂಟೆ ಇಳಿದ ಮೇಲೆ ಅದೇ ಖಾಲಿ ಜಾಗದಲ್ಲಿ ಮಗು ನಿಂತಿತು. ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು ಮಗು. ಹಿಡಿದುಕೊಳ್ಳಲು ಹ್ಯಾಂಡಲು ಬಿಟ್ಟರೆ ಬೇರೇನಿಲ್ಲ. ಕಮಾನು ಕಳಚಿದ್ದು ಇಲ್ಲಿ.

ಯೂರೋಪಿನಲ್ಲೂ ಹೊರೆಯ ಸೈಕಲ್ಲು ಮೊದಲು ವ್ಯಾಪಾರದ್ದೇ. ಡಚ್ಚರ ಬಾಕ್‌ಫಿಟ್ಸ್, ಅಂದರೆ ಪೆಟ್ಟಿಗೆಯ ಸೈಕಲ್ಲು, ಬ್ರೆಡ್ಡು ಹಾಲು ಹಂಚಲು ಹುಟ್ಟಿತು. ವ್ಯಾನುಗಳು ಬಂದು ಅದು ಮೂಲೆಗೆ ಸೇರಿದ ಮೇಲೆ ಮನೆಗಳವರು ಅದನ್ನು ಮತ್ತೆ ಎತ್ತಿಕೊಂಡರು. ಪೆಟ್ಟಿಗೆಯೊಳಗೆ ಬೆಂಚು ಹಾಕಿ, ಬೆಲ್ಟು ಬಿಗಿದು, ಮಳೆಗೆ ಹೊದಿಕೆ ಹಾಕಿ ಮಕ್ಕಳನ್ನು ಕೂರಿಸಿದರು. ಬ್ಯಾಟರಿ ಬಂದ ಮೇಲೆ ತುಳಿಯುವ ಶ್ರಮವೂ ಇಳಿಯಿತು. ನಮ್ಮ ಮಾತಲ್ಲಿ ಹೇಳುವುದಾದರೆ, ಅವರು ಸರಕಿನ ಗಾಡಿಗೆ ಕಮಾನು ಕಟ್ಟಿದರು.

ಎಲೆಕ್ಟ್ರಿಕ್ ವಾಹನಕ್ಕೆಂದು ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯ ನಮ್ಮದು, 2017ರಲ್ಲಿ. 2024ರ ಫೆಬ್ರವರಿಯಲ್ಲಿ ಲೂನಾ ಎಲೆಕ್ಟ್ರಿಕ್ ಆಗಿ ಮರಳಿತು. ಕಂಪನಿಯ ಮಾತಿನಂತೆ 150 ಕೆ.ಜಿ. ಹೊರುತ್ತದೆ. ಬ್ಯಾಟರಿ 2 ಕಿಲೋವ್ಯಾಟ್-ಗಂಟೆಯದು, ಎಂದರೆ ತುಂಬಲು ಮನೆಯ ಮೀಟರಿನಲ್ಲಿ 2 ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಎತ್ತಿನ ಮೇವು ಮನೆಯಲ್ಲಿತ್ತು, ಮೊಪೆಡ್ಡಿನದು ಬಂಕಿನಲ್ಲಿತ್ತು, ಈಗ ಮತ್ತೆ ಮನೆಗೆ ಬಂದಿದೆ. 150 ಕೆ.ಜಿ.ಯಲ್ಲಿ ಓಡಿಸುವವರ ತೂಕವೂ ಸೇರಿದೆಯೇ ಎಂದು ಕೇಳಿಯೇ ಕೊಳ್ಳಬೇಕು. 60 ಕೆ.ಜಿ.ಯ ಇಬ್ಬರು, 15 ಕೆ.ಜಿ.ಯ ಒಂದು ಮಗು ಹತ್ತಿದರೆ ಉಳಿಯುವುದು 15 ಕೆ.ಜಿ. ಮಾತ್ರ.

‘ಲೈಸೆನ್ಸ್ ಬೇಡ’ ಎಂದು ಮಾರುವ ಗಾಡಿಗಳೂ ಇವೆ. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಕಾನೂನು ಅದನ್ನು ಮೋಟಾರು ವಾಹನ ಎನ್ನುವುದಿಲ್ಲ. ಲೈಸೆನ್ಸ್ ಇಲ್ಲದ ಅತ್ತಿಗೆಗೆ ಅದು ಸುಲಭದ ದಾರಿ. ಆದರೆ ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಮೂರೂ ಹೆದ್ದಾರಿಯ ಊರುಗಳು. ಲಾರಿಗಳ ನಡುವೆ ಆ ವೇಗದಲ್ಲಿ ಮಗುವನ್ನು ಕರೆದೊಯ್ಯುವುದು ಸುಲಭವಲ್ಲ. ನಮ್ಮ ಮನೆಯಲ್ಲಿ ಕೊನೆಗೆ ಆದ ತೀರ್ಮಾನ: ಮೊದಲು ಅತ್ತಿಗೆಗೆ ಲೈಸೆನ್ಸ್, ಆಮೇಲೆ ಗಾಡಿ.

ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಓಡಿಸುವವರ ಹಿಂದೆ ಒಬ್ಬರೇ ಕೂರಬೇಕು. 9 ತಿಂಗಳಿಂದ 4 ವರ್ಷದವರೆಗಿನ ಮಗುವನ್ನು ಓಡಿಸುವವರಿಗೆ ಬೆಲ್ಟಿನಿಂದ ಬಿಗಿದಿರಬೇಕು, ಅದಕ್ಕೆ ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು ಎಂದು 2022ರ ಫೆಬ್ರವರಿಯಲ್ಲಿ ನಿಯಮವಾಯಿತು. ಶಾಲೆಯ ಗೇಟಿನ ಮುಂದೆ ಒಂದು ಬೆಳಗ್ಗೆ ನಿಂತರೆ ಈ ನಿಯಮ ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. ಅದಕ್ಕೆ ತಾಯ್ತಂದೆಯರನ್ನು ಬೈದು ಪ್ರಯೋಜನವಿಲ್ಲ. ನಲವತ್ತು ವರ್ಷದಿಂದ ಅವರಿಗೆ ಸಿಕ್ಕಿದ್ದು ಮೂಟೆಗೆಂದು ಮಾಡಿದ ಜಾಗ.

ಅಣ್ಣನ ಪ್ರಶ್ನೆ ತಪ್ಪಲ್ಲ, ಅದು ಹೊಟ್ಟೆಪಾಡಿನದು. ಆದರೆ ಅದೊಂದೇ ಪ್ರಶ್ನೆ ಹಿಡಿದು ಅಂಗಡಿಗೆ ಹೋದರೆ ನಾವಿನ್ನೂ ಎತ್ತಿನ ಹಲ್ಲು ಎಣಿಸುತ್ತಿದ್ದೇವೆ ಎಂದರ್ಥ. ಜಾತ್ರೆಯಿಂದ ಎತ್ತು ಕೊಂಡು ಬಂದ ತಾತ, ಮನೆಮಂದಿ ಹೊರಡುವ ದಿನ ಕೂತು ಬಿದಿರು ಬಗ್ಗಿಸುತ್ತಿದ್ದ. ಅತ್ತಿಗೆ ಕೇಳುತ್ತಿರುವುದು ಅಷ್ಟನ್ನೇ.