ಅಟ್ಟದ ಕಾಯಿ, ಮಂಡಿಯ ಬೆಲೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರನಿಗೆ ಮನೆಯ ಅಟ್ಟವೇ ಉಗ್ರಾಣ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಲ್ಲಿ ಹತ್ತು ಹನ್ನೊಂದು ತಿಂಗಳು ಇರಿಸಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಎಣ್ಣೆಗೆ ಹೋಗುವ ಹೋಳು ಕೊಬ್ಬರಿಗೆ ಕೆಲವು ದಿನಗಳ ಬಿಸಿಲು ಸಾಕು; ಉಂಡೆಗೆ ಹೆಚ್ಚುಕಡಿಮೆ ಒಂದು ವರ್ಷವೇ ಬೇಕು. ಈ ಸೀಮೆಯ ಹಣಕಾಸಿನ ಕಥೆಯೆಲ್ಲ ಆ ಒಂದು ವರ್ಷದೊಳಗೆ ಅಡಗಿದೆ.

ಕಾಯಿ ಒಣಗುವವರೆಗೆ ಮನೆಯ ಖರ್ಚು ಕಾಯುವುದಿಲ್ಲ. ಮದುವೆ, ಔಷಧ, ಗೊಬ್ಬರಕ್ಕೆ ಹಣ ಬೇಕಾದಾಗ ಮಂಡಿಯವರ ಮುಂಗಡವೇ ಗತಿ. ಮುಂಗಡ ಪಡೆದವನಿಗೆ ಬೇರೆ ಮಂಡಿಯ ಬಾಗಿಲು ತಟ್ಟುವುದು ಕಷ್ಟ. ಅವನು ಬಡ್ಡಿಯೊಂದಿಗೆ ಕಾಯುವ ಸ್ವಾತಂತ್ರ್ಯವನ್ನೂ ತೆರುತ್ತಾನೆ.

ಹಿಂದೆ ಭಾರತದ ಅನೇಕ ಪೇಟೆಗಳಲ್ಲಿ ದಲಾಲಿಯೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಬೆರಳು ಒತ್ತಿ ಬೆಲೆ ಗೊತ್ತುಮಾಡುತ್ತಿದ್ದರು. ಮಾಲಿನ ಒಡೆಯನಿಗೆ ಮಾತ್ರ ಅದು ತಿಳಿಯುತ್ತಿರಲಿಲ್ಲ. ತತ್ತ್ವಾರ್ಥಸೂತ್ರವು ಕಳ್ಳ ತೂಕ, ಕಳ್ಳ ಅಳತೆಗಳನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಮುಚ್ಚಿಟ್ಟ ಬೆಲೆಯನ್ನು ಅವುಗಳ ಪಕ್ಕದಲ್ಲಿಯೇ ಇಡಬಹುದು. 1928ರಲ್ಲಿ ರಾಯಲ್ ಕೃಷಿ ಆಯೋಗವು ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. ಕರ್ನಾಟಕದ 1966ರ ಕಾಯ್ದೆಯು ಹರಾಜು, ತೂಕ, ದಲಾಲಿಗಳನ್ನು ಮಾರುಕಟ್ಟೆ ಸಮಿತಿಯ ಅಧೀನಕ್ಕೆ ತಂದಿತು. 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಬೆಲೆ ಕೂಗುವ ಕೆಲಸ ಗಣಕಯಂತ್ರಕ್ಕೆ ಸೇರಿತು.

ಬೆಲೆ ಬಯಲಾಯಿತು, ನಿಜ. ಕಾಯುವ ಶಕ್ತಿ ಮಾತ್ರ ಎಲ್ಲರಿಗೂ ಸಮನಾಗಲಿಲ್ಲ. ಕೇಂದ್ರದ ಬೆಂಬಲ ಬೆಲೆಯು ಒಂದು ಹಕ್ಕು, ಬಾಧ್ಯತೆಯಲ್ಲ. ಪೇಟೆ ಕುಸಿದರೆ ನಾಫೆಡ್ ಖರೀದಿಗೆ ಮಾಲು ಕೊಡಬಹುದು, ಏರಿದರೆ ಹೊರಗೆ ಮಾರಬಹುದು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲವಿದ್ದಾಗ ತಿಪಟೂರು ಪೇಟೆ ಅದಕ್ಕಿಂತ ಬಹಳ ಕೆಳಗಿತ್ತು. ಆದರೆ ನೋಂದಣಿ, ಗುಣಪರೀಕ್ಷೆ, ಖರೀದಿಯ ಮಿತಿ ಇವನ್ನೆಲ್ಲ ದಾಟಿ ಹಣ ಕೈಸೇರುವವರೆಗೆ ತಾಳಬಲ್ಲವನಿಗಷ್ಟೇ ಆ ಹಕ್ಕು ಫಲಿಸಿತು. ಸಾಲಗಾರನು ಸಿಕ್ಕ ಬೆಲೆಗೆ ಮಾರಿದನು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದರೆ ಪೇಟೆಯ ಬೆಲೆ 20,000ವನ್ನೂ ದಾಟಿತು. ಆ ಲಾಭ ಅಟ್ಟದಲ್ಲಿ ಕಾಯಿ ಉಳಿದಿದ್ದವರ ಪಾಲಾಯಿತು.

2007ರ ಉಗ್ರಾಣ ಕಾಯ್ದೆಯು ಉಗ್ರಾಣದ ರಸೀದಿಗೆ ಕೈಬದಲಾಗುವ ಪತ್ರದ ಸ್ಥಾನ ನೀಡಿತು. ನೋಂದಾಯಿತ ಉಗ್ರಾಣದಲ್ಲಿ ಧಾನ್ಯ ಇಟ್ಟವನು ಆ ರಸೀದಿಯನ್ನೇ ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆಯಬಹುದು, ಬೆಲೆ ಬರುವವರೆಗೆ ಮಾಲನ್ನು ಉಳಿಸಿಕೊಳ್ಳಬಹುದು. ಮನೆಯ ಅಟ್ಟದಲ್ಲಿ ಒಣಗುತ್ತಿರುವ ಕಾಯಿಗೆ ಅಂಥ ರಸೀದಿ ಬರೆದುಕೊಡುವವರಿಲ್ಲ.