ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ: ಕರ್ನಾಟಕದಲ್ಲಿ ಬೆಳೆದು ಬಂದ ಬಗೆ

ದಿನವೂ ಕಾಲೇಜಿಗೆ ಹೋಗದೆ, ಕೆಲಸದಲ್ಲಿದ್ದುಕೊಂಡೇ ಓದಿ ಪಡೆಯುವ ಎಂಜಿನಿಯರಿಂಗ್ ಪದವಿ, ಸ್ನಾತಕೋತ್ತರ ಪದವಿ ಹಾಗೂ ಅವಕ್ಕೆ ಸಮಾನವೆಂದು ಸರ್ಕಾರ ಒಪ್ಪಿದ ಅರ್ಹತೆಗಳು ಈ ಲೇಖನದ ವಿಷಯ. ಭಾರತದಲ್ಲಿ ಇದರ ಆರಂಭ 1928ರ ಎ.ಎಂ.ಐ.ಇ. ಪರೀಕ್ಷೆಗಳಲ್ಲಿದೆ. ಮುಂದೆ ಸಂಜೆ ಕಾಲೇಜು, ಮುಕ್ತ ವಿಶ್ವವಿದ್ಯಾಲಯ, ಉಪಗ್ರಹ ಪಾಠ, ಆನ್‌ಲೈನ್ ಎಂ.ಟೆಕ್. ಎಂದು ಅದು ರೂಪ ಬದಲಿಸುತ್ತ ಬಂದಿದೆ. ಈ ಅವಧಿಯ ಅನುಭವದಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಎಂಜಿನಿಯರಿಂಗ್‌ನ ಮೊದಲ ಪದವಿಯನ್ನು ದೂರದಿಂದ ಕೊಡಲು ಹೋದ ಕಡೆಯಲ್ಲೆಲ್ಲ ತೊಡಕು ಎದುರಾಗಿದೆ. ಆಗಲೇ ದುಡಿಯುತ್ತಿರುವ ಎಂಜಿನಿಯರ್‌ಗೆ ಮೇಲಿನ ಪದವಿಯನ್ನು ಕೊಡುವ ಪ್ರಯತ್ನ ಮಾತ್ರ ಗಟ್ಟಿಯಾಗಿ ನಿಂತಿದೆ.

ಕಂದಿಕೆರೆ ಸೀಮೆಯ ಹಿನ್ನೆಲೆ

ಇಂಥ ಪದವಿಯ ಅಗತ್ಯ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಕಂದಿಕೆರೆ ಸೀಮೆ ಒಂದು ಉದಾಹರಣೆ. ಕಂದಿಕೆರೆ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತೆಂಗಿನ ಸೀಮೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಧಾರಣೆಯ ಮೇಲೆ ಇಲ್ಲಿನ ಮನೆಗಳ ವರ್ಷದ ಲೆಕ್ಕಾಚಾರ ನಿಂತಿರುತ್ತದೆ. ಧಾರಣೆ ಕುಸಿದರೆ, ಕೊಳವೆಬಾವಿ ಬತ್ತಿದರೆ ಮೊದಲು ಪೆಟ್ಟು ಬೀಳುವುದು ಮಕ್ಕಳ ಓದಿಗೆ. ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ತುಮಕೂರಿನ ಸಿದ್ದಗಂಗಾ ತಾಂತ್ರಿಕ ಮಹಾವಿದ್ಯಾಲಯ 1963ರಲ್ಲಿ, ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯ 1979ರಲ್ಲಿ, ತಿಪಟೂರಿನ ಕಲ್ಪತರು ತಾಂತ್ರಿಕ ಮಹಾವಿದ್ಯಾಲಯ 1986ರಲ್ಲಿ ಆರಂಭವಾದವು. ತುರುವೇಕೆರೆಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಆದರೆ ನಾಲ್ಕು ವರ್ಷ ದುಡಿಮೆಯಿಲ್ಲದೆ ಓದುವುದು ಎಲ್ಲರ ಕೈಲಾಗುವ ಮಾತಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯಕ್ಕೋ ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೋ ಕೆಲಸಕ್ಕೆ ಹೋಗಿ, ರಜೆ ಸಿಕ್ಕಾಗ ಊರಿಗೆ ಬಂದು ತೋಟ ನೋಡಿಕೊಳ್ಳುವವರು ಇಲ್ಲಿ ಬಹಳ. ‘ಕೆಲಸ ಬಿಡದೆ ಬಿ.ಇ. ಮಾಡಿಕೊಳ್ಳೋದು ಹೇಗೆ’ ಎಂಬ ಪ್ರಶ್ನೆ ಹುಟ್ಟುವುದು ಇಂಥವರಲ್ಲಿ. ದೂರಶಿಕ್ಷಣದ ಎಂಜಿನಿಯರಿಂಗ್ ಇತಿಹಾಸವೆಂದರೆ ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಸಿಕ್ಕ ಉತ್ತರಗಳ ಇತಿಹಾಸವೇ.

ಎ.ಎಂ.ಐ.ಇ. ಎಂಬ ಮೊದಲ ದಾರಿ

ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ) ಸಂಸ್ಥೆ 1920ರಲ್ಲಿ ನೋಂದಣಿಯಾಯಿತು. 1928ರಲ್ಲಿ ಎ.ಎಂ.ಐ.ಇ. ಪರೀಕ್ಷೆಗಳನ್ನು ಆರಂಭಿಸಿತು. 1935ರಲ್ಲಿ ಅದಕ್ಕೆ ರಾಜಸನ್ನದು ದೊರೆಯಿತು. ಪರೀಕ್ಷೆಗೆ ‘ಎ’ ಮತ್ತು ‘ಬಿ’ ಎಂಬ ಎರಡು ವಿಭಾಗ. ಮೊದಲನೆಯದರಲ್ಲಿ ಗಣಿತ, ವಸ್ತುವಿಜ್ಞಾನ ಮುಂತಾದ ಮೂಲ ವಿಷಯಗಳು. ಎರಡನೆಯದರಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂದು ಆಯ್ದ ಶಾಖೆಯ ವಿಷಯಗಳು. ವರ್ಷಕ್ಕೆ ಎರಡು ಬಾರಿ, ಬೇಸಿಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ ಪರೀಕ್ಷೆ. ತರಗತಿ ಕಡ್ಡಾಯವಿರಲಿಲ್ಲ, ಪಾಠ ಹೇಳುವ ಹೊಣೆಯೂ ಸಂಸ್ಥೆಯದಾಗಿರಲಿಲ್ಲ. ಪುಸ್ತಕ ಹೊಂದಿಸಿಕೊಂಡು ತಾನೇ ಓದಬೇಕು, ಬರೆಯಬೇಕು, ತಪ್ಪಿದರೆ ಮತ್ತೆ ಕಟ್ಟಬೇಕು.

ಎರಡೂ ವಿಭಾಗ ಪಾಸಾದವರನ್ನು ಕೇಂದ್ರ ಸರ್ಕಾರ ಎಂಜಿನಿಯರಿಂಗ್ ಪದವೀಧರರಿಗೆ ಸಮಾನರೆಂದು ಒಪ್ಪಿತ್ತು. ಲೋಕೋಪಯೋಗಿ, ನೀರಾವರಿ, ವಿದ್ಯುತ್ ಇಲಾಖೆಗಳಲ್ಲಿ ಡಿಪ್ಲೊಮಾ ಆಧಾರದ ಮೇಲೆ ಸೇರಿದ ಕಿರಿಯ ಎಂಜಿನಿಯರ್‌ಗಳಿಗೆ ಮುಂಬಡ್ತಿಯ ಮೆಟ್ಟಿಲಾಗಿದ್ದು ಇದೇ. ಹಗಲು ಸೈಟಿನಲ್ಲಿ ನಿಂತು ರಾತ್ರಿ ಓದಿ, ಹಲವು ವರ್ಷ ಪಟ್ಟು ಬಿಡದೆ ಎ.ಎಂ.ಐ.ಇ. ಮುಗಿಸಿದವರ ತಲೆಮಾರು ರಾಜ್ಯದ ರಸ್ತೆ, ಸೇತುವೆ, ಕಾಲುವೆಗಳ ಕೆಲಸದಲ್ಲಿ ಮುಂದಾಳಾಯಿತು. ಮೇಜುಕುರ್ಚಿಯ ನೆಮ್ಮದಿಯಿಲ್ಲದೆ ಗಳಿಸಿದ ಆ ಅರ್ಹತೆಯನ್ನು ಯಾವ ಪದವಿಗೂ ಕಡಿಮೆಯೆಂದು ಕಾಣುವುದು ನ್ಯಾಯವಲ್ಲ. 2012ರಲ್ಲಿ ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯ, 2013ರ ಮೇ 31ರವರೆಗೆ ನೋಂದಾಯಿಸಿಕೊಂಡವರಿಗೆ ಮಾತ್ರ ಈ ಸಮಾನತೆ ಅನ್ವಯಿಸುತ್ತದೆಂದು ಆದೇಶಿಸಿತು. ಅಲ್ಲಿಗೆ ಬಡವರ ಬಿ.ಇ. ಎನಿಸಿದ್ದ ಹಳೆಯ ದಾರಿ ಹೊಸಬರಿಗೆ ಬಹುಮಟ್ಟಿಗೆ ಮುಚ್ಚಿತು.

ಅಂಚೆ ಶಿಕ್ಷಣ ಮತ್ತು ಸಂಜೆ ಕಾಲೇಜು

ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದ ಮೇಲೆ, 1969ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಕಲೆ, ವಾಣಿಜ್ಯ ವಿಷಯಗಳಲ್ಲಿ ಅದು ಹಳ್ಳಿಯ ಶಿಕ್ಷಕರಿಗೆ, ಗುಮಾಸ್ತರಿಗೆ ಪದವಿಯ ಬಾಗಿಲಾಯಿತು. ಎಂಜಿನಿಯರಿಂಗ್ ಅದರೊಳಗೆ ಬರಲಿಲ್ಲ. ಡಿಪ್ಲೊಮಾ ಆದವರಿಗೆ ಬೆಂಗಳೂರಿನಲ್ಲಿ ಸಿಕ್ಕ ಆಸರೆ ಸಂಜೆಯ ಅರೆಕಾಲಿಕ ಬಿ.ಇ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಆರಂಭವಾದ, ಈಗ ಯು.ವಿ.ಸಿ.ಇ. ಎಂದು ಹೆಸರಾದ ಕಾಲೇಜು ಮತ್ತು ಬಿ.ಎಂ.ಎಸ್. ಸಂಜೆ ಕಾಲೇಜು ಇದಕ್ಕೆ ಹೆಸರಾದವು. ಕಾರ್ಖಾನೆಯ ಪಾಳಿ ಮುಗಿಸಿ ನೇರ ತರಗತಿಗೆ ಬರುವವರಿಗೆ ಅದು ವರ. ತಿಪಟೂರಿನಲ್ಲೋ ಕಂದಿಕೆರೆಯಲ್ಲೋ ಇದ್ದುಕೊಂಡು ಸಂಜೆ ತರಗತಿಗೆ ಬೆಂಗಳೂರಿಗೆ ಹೋಗಿಬರುವುದು ಮಾತ್ರ ಆಗದ ಮಾತು.

ಪ್ರಯೋಗಾಲಯದ ಪ್ರಶ್ನೆ

ಇತಿಹಾಸ, ಸಾಹಿತ್ಯಗಳಂತೆ ಎಂಜಿನಿಯರಿಂಗ್ ಅಂಚೆಯ ಲಕೋಟೆಯಲ್ಲಿ ಹಿಡಿಸುವುದಿಲ್ಲ. ಕಾಂಕ್ರೀಟಿನ ಬಲ ತಿಳಿಯಬೇಕಾದರೆ 150 ಮಿಲಿಮೀಟರ್ ಅಳತೆಯ ಘನವನ್ನು ಅಚ್ಚಿನಲ್ಲಿ ಎರಕ ಹೊಯ್ದು, ನೀರಿನಲ್ಲಿ ಹದಗೊಳಿಸಿ, 7ನೇ ದಿನ ಮತ್ತು 28ನೇ ದಿನ ಯಂತ್ರದಡಿ ಇಟ್ಟು ಒಡೆಯುವವರೆಗೆ ಒತ್ತಬೇಕು. ಒಡೆದ ಘನದ ಬಿರುಕು ಯಾವ ಕಡೆ ಓಡಿದೆಯೆಂದು ಕಣ್ಣಾರೆ ನೋಡಬೇಕು. ಹಾಗೆ ನೋಡದವನು ಸೂತ್ರವನ್ನೆಷ್ಟು ಬಾಯಿಪಾಠ ಮಾಡಿದರೂ ಸೈಟಿನಲ್ಲಿ ನಿಂತಾಗ ತಡವರಿಸುತ್ತಾನೆ. ಸರ್ವೆ, ವೆಲ್ಡಿಂಗ್, ಮೋಟಾರಿನ ಪರೀಕ್ಷೆಗಳಿಗೂ ಇದೇ ಮಾತು ಸಲ್ಲುತ್ತದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಅಂದರೆ ಎ.ಐ.ಸಿ.ಟಿ.ಇ., ದೂರಶಿಕ್ಷಣದ ಎಂಜಿನಿಯರಿಂಗ್ ಪದವಿಗೆ ಒಪ್ಪದಿರಲು ಇದೇ ಮುಖ್ಯ ಕಾರಣ. ಈಚೆಗೆ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ ಯೋಜನೆ, ಸುರತ್ಕಲ್ಲಿನ ಎನ್.ಐ.ಟಿ.ಕೆ. ಸೇರಿದಂತೆ ಹಲವು ಸಂಸ್ಥೆಗಳ ಮೂಲಕ, ಪ್ರಯೋಗಗಳನ್ನು ಕಂಪ್ಯೂಟರ್ ಪರದೆಗೆ ತಂದಿದೆ. ಅದು ಕಲಿಕೆಗೆ ನೆರವು. ಕೈಕೆಲಸಕ್ಕೆ ಬದಲಿ ಅಲ್ಲ.

ದುಡಿಯುವ ಎಂಜಿನಿಯರ್‌ಗೆ ಸ್ನಾತಕೋತ್ತರ ಪದವಿ

ಪ್ರಯೋಗಾಲಯದ ಈ ಪ್ರಶ್ನೆಗೆ ಅಮೆರಿಕ ಕಂಡುಕೊಂಡ ಉತ್ತರ ಮೇಲಿನ ಪದವಿಯದು. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯ 1967ರಲ್ಲಿ ತರಗತಿಯ ಪಾಠಗಳನ್ನು ವಿಡಿಯೊ ಟೇಪಿಗಿಳಿಸಿ ಕಂಪನಿಗಳಿಗೆ ಕಳಿಸತೊಡಗಿತು. 1969ರಲ್ಲಿ ಸ್ಟ್ಯಾನ್‌ಫರ್ಡ್ ಟೆಲಿವಿಷನ್ ಮೂಲಕ ಸುತ್ತಲಿನ ಕಾರ್ಖಾನೆಗಳಿಗೆ ಪಾಠ ತಲುಪಿಸಿತು. 1984ರಲ್ಲಿ ಹಲವು ವಿಶ್ವವಿದ್ಯಾಲಯಗಳ ಪಾಠಗಳನ್ನು ಒಗ್ಗೂಡಿಸಿ ಎಂ.ಎಸ್. ಪದವಿ ಕೊಡಲೆಂದೇ ನ್ಯಾಷನಲ್ ಟೆಕ್ನಾಲಾಜಿಕಲ್ ಯೂನಿವರ್ಸಿಟಿ ಹುಟ್ಟಿತು. ಇಲ್ಲಿ ಕಲಿಯುವವರು ಆಗಲೇ ಪದವೀಧರರು. ಅವರು ದುಡಿಯುವ ಜಾಗವೇ ಅವರ ಪ್ರಯೋಗಾಲಯ.

ಭಾರತದಲ್ಲಿ ಈ ಮಾದರಿಯನ್ನು ಬೆಳೆಸಿದ್ದು ಪಿಲಾನಿಯ ಬಿಟ್ಸ್. ಹಿಂದೆ ದೂರಶಿಕ್ಷಣ ಕಾರ್ಯಕ್ರಮವೆಂದು ಕರೆಯುತ್ತಿದ್ದ ಅದರ ವಿಭಾಗ ಈಗ ವೃತ್ತಿಸಹಿತ ಕಲಿಕೆಯ ಕಾರ್ಯಕ್ರಮವೆಂದು ಹೆಸರಾಗಿದೆ. ಉದ್ಯೋಗ ಕೊಟ್ಟ ಸಂಸ್ಥೆಯ ಒಪ್ಪಿಗೆ ಪಡೆದು ಸೇರಬೇಕು. ಎಂ.ಟೆಕ್. ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್; ಪಾಠ, ಪರೀಕ್ಷೆ ವಾರಾಂತ್ಯದಲ್ಲಿ. ಕೊನೆಯ ಸೆಮಿಸ್ಟರಿನ ಪ್ರಬಂಧ ತನ್ನದೇ ಕಚೇರಿಯ ಅಥವಾ ಕಾರ್ಖಾನೆಯ ಸಮಸ್ಯೆಯ ಮೇಲೆ, ಅಲ್ಲಿನ ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ.

ಬೆಂಗಳೂರಿನ ವಿಪ್ರೊ ಕಂಪನಿ 1990ರ ದಶಕದಲ್ಲಿ ಬಿಟ್ಸ್ ಜೊತೆ ಸೇರಿ ವಿಪ್ರೊ ಅಕಾಡೆಮಿ ಆಫ್ ಸಾಫ್ಟ್‌ವೇರ್ ಎಕ್ಸಲೆನ್ಸ್ ಆರಂಭಿಸಿತು. ಬಿ.ಎಸ್ಸಿ. ಓದಿದವರನ್ನು ಕೆಲಸಕ್ಕೆ ತೆಗೆದುಕೊಂಡು, ದುಡಿಮೆಯ ಜೊತೆಗೇ ಸಾಫ್ಟ್‌ವೇರ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಓದಿಸಿದ ಯೋಜನೆ ಇದು. ಬಿ.ಇ. ಸೀಟಿಗೆ ದುಡ್ಡು ಹೊಂದದೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವರಿಗೂ ಐ.ಟಿ. ಕಂಪನಿಯ ಬಾಗಿಲು ತೆರೆದ ಮುಖ್ಯ ಪ್ರಯೋಗಗಳಲ್ಲಿ ಇದೊಂದು.

ಉಪಗ್ರಹ ಮತ್ತು ಅಂತರ್ಜಾಲ

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಉಪಗ್ರಹ ಪಾಠದಲ್ಲಿ ದೇಶಕ್ಕೇ ಮುಂದಿತ್ತು. ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿತು. ಅದಕ್ಕೆ ಮುನ್ನ ಇನ್ಸಾಟ್-3ಬಿ ಮೂಲಕ ನಡೆದ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ವಿ.ಟಿ.ಯು. ಕೂಡ ಒಂದು. ಒಳ್ಳೆಯ ಅಧ್ಯಾಪಕರೊಬ್ಬರ ಪಾಠ ಅನೇಕ ಕಾಲೇಜುಗಳಿಗೆ ಒಮ್ಮೆಗೇ ತಲುಪುವಂತಾದದ್ದು ಆಗ. 2003ರಲ್ಲಿ ಐ.ಐ.ಟಿ.ಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಆರಂಭಿಸಿದ ಎನ್‌ಪಿಟೆಲ್, 2017ರಲ್ಲಿ ಬಂದ ಸ್ವಯಂ ವೇದಿಕೆ ಇಂಥ ಪಾಠಗಳನ್ನು ಮೊಬೈಲಿಗೇ ತಂದವು. ಹಲವು ಪಾಠಗಳು ಕನ್ನಡಕ್ಕೂ ಅನುವಾದವಾಗಿವೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಸ್ವತಃ ಕಂಪನಿಗಳು ಕಳಿಸುವ ಉದ್ಯೋಗಿಗಳಿಗಾಗಿ ಆನ್‌ಲೈನ್ ಎಂ.ಟೆಕ್. ನಡೆಸುತ್ತಿದೆ. ಹೊರದೇಶದಲ್ಲಿ 2014ರಿಂದ ಜಾರ್ಜಿಯಾ ಟೆಕ್ ಕಡಿಮೆ ಶುಲ್ಕದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಕೊಡುತ್ತಿದೆ.

ಬಿಕ್ಕಟ್ಟು ಮತ್ತು ನ್ಯಾಯಾಲಯ

ದೂರಶಿಕ್ಷಣದಲ್ಲಿ ಪಡೆದ ಪದವಿ ಸರ್ಕಾರಿ ಕೆಲಸಕ್ಕೆ ಮಾನ್ಯವಾಗಬೇಕಾದರೆ ದೂರಶಿಕ್ಷಣ ಮಂಡಳಿಯ ಒಪ್ಪಿಗೆ, ಅಗತ್ಯವಿದ್ದಲ್ಲಿ ಎ.ಐ.ಸಿ.ಟಿ.ಇ. ಒಪ್ಪಿಗೆ ಬೇಕೆಂದು 1995ರ ಮಾರ್ಚ್ 1ರ ಅಧಿಸೂಚನೆಯೇ ಹೇಳಿತ್ತು. ಹಾಗಿದ್ದೂ 2001ರಿಂದೀಚೆಗೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅಧ್ಯಯನ ಕೇಂದ್ರಗಳ ಮೂಲಕ ಬಿ.ಟೆಕ್. ಕೊಟ್ಟವು. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್, ಒರಿಸ್ಸಾ ಲಿಫ್ಟ್ ಇರಿಗೇಷನ್ ಕಾರ್ಪೊರೇಷನ್ ಪ್ರಕರಣದಲ್ಲಿ, ಇಂಥ ನಾಲ್ಕು ಸಂಸ್ಥೆಗಳ ಪದವಿಗಳ ಬಗ್ಗೆ ತೀರ್ಪಿತ್ತಿತು. 2001ರಿಂದ 2005ರವರೆಗಿನ ತಂಡಗಳವರ ಪದವಿ ಅಮಾನತಾಯಿತು, ಎ.ಐ.ಸಿ.ಟಿ.ಇ. ನಡೆಸುವ ಪರೀಕ್ಷೆ ಪಾಸಾದರೆ ಮಾತ್ರ ಅದು ಉಳಿಯುತ್ತಿತ್ತು. ಆಮೇಲೆ ಸೇರಿದವರ ಪದವಿ ರದ್ದಾಯಿತು. ನಂಬಿ ದುಡ್ಡು ಕಟ್ಟಿ ವರ್ಷಗಟ್ಟಲೆ ಓದಿದವರು ಬಡ್ತಿಯನ್ನೂ ಕಳೆದುಕೊಳ್ಳುವ ಸ್ಥಿತಿಗೆ ಬಂದರು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) 2009-10ರವರೆಗೆ ಸೇರಿದವರ ಬಿ.ಟೆಕ್. ಮಾನ್ಯವೆಂದು 2018ರಲ್ಲಿ ಅದೇ ನ್ಯಾಯಾಲಯ ಹೇಳಿದ್ದು ಅನೇಕರಿಗೆ ನೆಮ್ಮದಿ ತಂದಿತು.

ಕರ್ನಾಟಕಕ್ಕೂ ಈ ಬಿಸಿ ತಟ್ಟಿತು. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಖಾಸಗಿ ಸಹಭಾಗಿ ಸಂಸ್ಥೆಗಳ ಮೂಲಕ ತಾಂತ್ರಿಕ ಕೋರ್ಸುಗಳನ್ನೂ ನಡೆಸಿತ್ತು. 2012-13ರ ನಂತರ ಅದಕ್ಕೆ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯು.ಜಿ.ಸಿ., 2015ರ ಜೂನ್‌ನಲ್ಲಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿತು.

ಇಂದಿನ ಸ್ಥಿತಿ

2020ರ ಯು.ಜಿ.ಸಿ. ನಿಯಮಾವಳಿಯಂತೆ ಎಂಜಿನಿಯರಿಂಗ್ ಕೋರ್ಸುಗಳನ್ನು ಮುಕ್ತ ಮತ್ತು ದೂರಶಿಕ್ಷಣದಲ್ಲಿ ನಡೆಸುವಂತಿಲ್ಲ. ಕಂಪ್ಯೂಟರ್ ಅಪ್ಲಿಕೇಷನ್, ಮ್ಯಾನೇಜ್‌ಮೆಂಟ್, ಡೇಟಾ ಸೈನ್ಸ್ ಮುಂತಾದ ಕೆಲವು ವಿಷಯಗಳಿಗಷ್ಟೇ ಎ.ಐ.ಸಿ.ಟಿ.ಇ. ಅವಕಾಶ ಕೊಟ್ಟಿದೆ. ಡಿಪ್ಲೊಮಾ ಆದ ಉದ್ಯೋಗಿಗಳಿಗಾಗಿ 2023ರಿಂದ, ಅವರ ಅನುಕೂಲದ ಹೊತ್ತಿಗೆ ತರಗತಿ ನಡೆಸುವ ಬಿ.ಟೆಕ್. ವ್ಯವಸ್ಥೆ ಬಂದಿದೆ. ಇದು ದೂರಶಿಕ್ಷಣವಲ್ಲ; ಕಾಲೇಜಿಗೆ ಹೋಗಲೇಬೇಕು. ಆದರೂ ಹಳೆಯ ಸಂಜೆ ಕಾಲೇಜು ಬೆಂಗಳೂರಿನವರಿಗೆ ಕೊಟ್ಟಿದ್ದನ್ನು ತಿಪಟೂರು, ತುಮಕೂರುಗಳ ಕಾಲೇಜುಗಳು ತಮ್ಮ ಸುತ್ತಲಿನ ದುಡಿಯುವ ಮಕ್ಕಳಿಗೆ ಕೊಡಲು ಈಗ ಕಾನೂನಿನ ದಾರಿ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಇಂಥ ತರಗತಿಗಳ ಅಗತ್ಯ ಹೆಚ್ಚಿದೆ.

ದೂರದಿಂದ ಪದವಿ ಪಡೆಯಬಯಸುವವರು ಶುಲ್ಕ ಕಟ್ಟುವ ಮುನ್ನ ಆ ಸಂಸ್ಥೆಗೆ, ಆ ಕೋರ್ಸಿಗೆ, ಆ ವರ್ಷಕ್ಕೆ ಯು.ಜಿ.ಸಿ. ಮತ್ತು ಎ.ಐ.ಸಿ.ಟಿ.ಇ. ಒಪ್ಪಿಗೆ ಇದೆಯೇ ಎಂದು ಮೂರನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಬೇಕು. ಏಜೆಂಟರ ಮಾತು, ಜಾಹೀರಾತಿನ ಭರವಸೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಬರಹದಲ್ಲಿರುವ ಅನುಮತಿ ಮಾತ್ರ ನಿಲ್ಲುತ್ತದೆ.